ಹೂಂ ಅಂದ ಹೆಂಗಸರ ಪಟ್ಟಿ

೧

ಅಮ್ಮ ಕೆಳಗಿನ ಕುರ್ಚಿಯ ಕಾಲನ್ನು ತುಳಿದು ಹಿಡಿದಿದ್ದಳು. ನಾನು ಮೇಲಿನದನ್ನು ಎಳೆಯುತ್ತಿದ್ದೆ. ವರ್ಷವಿಡೀ ಒಂದರ ಮೇಲೊಂದು ಕೂತ ಪ್ಲಾಸ್ಟಿಕ್ ಕುರ್ಚಿಗಳು ಸುಲಭವಾಗಿ ಬಿಡುವುದಿಲ್ಲ. ಬಿಡುವಾಗ ಟಪ್ ಎನ್ನುತ್ತವೆ. ಬಿಟ್ಟದ್ದನ್ನು ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಲಿಗೆ ಇಡುತ್ತಿದ್ದಳು.

ಕಥೆಯನ್ನು ಹೀಗೆ ಶುರು ಮಾಡಬಹುದೇ ಎಂದು ನನಗೆ ಖಾತ್ರಿಯಿಲ್ಲ. ಇದು ಪ್ರೆಸಿಡೆಂಟ್ ಎಲೆಕ್ಷನ್ನಿನ ಕಥೆ. ಅದನ್ನು ಮೊದಲ ಸಾಲಿನಲ್ಲೇ ಹೇಳಿದ್ದರೆ ನೀವು ಹೆಲಿಕಾಪ್ಟರು, ಮೈದಾನ, ಕೈ ಬೀಸುವ ಜನ ಎಲ್ಲವನ್ನೂ ಕಲ್ಪಿಸಿಕೊಂಡು, ಆಮೇಲೆ ನಾನು ಕುರ್ಚಿ ತೋರಿಸಿದಾಗ ಮೋಸ ಹೋದೆವು ಅನ್ನುತ್ತಿದ್ದಿರಿ. ಅದಕ್ಕೇ ಕುರ್ಚಿಯನ್ನು ಮೊದಲೇ ತೋರಿಸಿದ್ದೇನೆ.

೧ (ಇನ್ನೊಂದು ಸಲ)

‘ಈ ಬಾರಿ ಅಧ್ಯಕ್ಷರ ಹಣೆಬರಹ ಮಹಿಳಾ ಮತದಾರರ ಕೈಯಲ್ಲಿದ್ದು, ಅವರ ಒಲವು ದಿನದಿಂದ ದಿನಕ್ಕೆ ಬದಲಾಗುತ್ತಿರುವುದು ಕುತೂಹಲ ಮೂಡಿಸಿದೆ.’

(ಇದು ಪೇಪರಿನಿಂದ ಕದ್ದ ವಾಕ್ಯ. ಓದುವಾಗ ಚೆನ್ನಾಗಿತ್ತು. ನನ್ನ ಕೈಬರಹದಲ್ಲಿ ಬರೆದ ಮೇಲೆ ಯಾರದೋ ಕೋಟು ಹಾಕಿಕೊಂಡು ನಿಂತ ಹಾಗೆ ಕಾಣುತ್ತಿದೆ. ಅದಕ್ಕೇ ಕೈಬಿಟ್ಟಿದ್ದೇನೆ.)

೨

ಎಲೆಕ್ಷನ್ ನಡೆದದ್ದು ಗೋವಿಂದರಾಜನಗರದಿಂದ ಚಂದ್ರಾ ಲೇಔಟಿಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಬಡಾವಣೆಯ ನಿವಾಸಿಗಳ ಸಂಘದಲ್ಲಿ. ಬಡಾವಣೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ವಾಟ್ಸಾಪ್ ಗ್ರೂಪಿನಲ್ಲಿ ಈ ಕಥೆಯನ್ನು ಹಾಕುತ್ತಾರೆ, ಅದರ ಕೆಳಗೆ ನೂರು ಜನ ಗುಡ್ ಮಾರ್ನಿಂಗ್ ಅನ್ನುತ್ತಾರೆ.

ಸಂಘಕ್ಕೆ ಒಂದು ಕಟ್ಟಡವಿದೆ. ಕೆಳಗೆ ಹಾಲ್, ಮೇಲೆ ಆಫೀಸು. ಮೆಟ್ಟಿಲ ಕೆಳಗೆ ಒಂದು ರೂಮು. ಕಟ್ಟಡದ ಪ್ಲಾನಿನಲ್ಲಿ ಅದರ ಹೆಸರು ‘ಸ್ಟೋರ್’. ಅದರಲ್ಲಿ ಅಮ್ಮ ಮತ್ತು ನಾನು ಹನ್ನೊಂದು ವರ್ಷದಿಂದ ಇದ್ದೇವೆ. ಅಮ್ಮ ಬೆಳಿಗ್ಗೆ ಐದಕ್ಕೆ ಬೋರ್‌ವೆಲ್ ಮೋಟರ್ ಆನ್ ಮಾಡುತ್ತಾಳೆ, ಪಾರ್ಕಿನ ಗೇಟು ತೆಗೆಯುತ್ತಾಳೆ, ಹಾಲ್ ಗುಡಿಸುತ್ತಾಳೆ. ಆ ರೂಮು ಹೋದರೆ ಕೆಲಸವೂ ಹೋಗುತ್ತದೆ, ಏಕೆಂದರೆ ಐದು ಗಂಟೆಗೆ ಬೇರೆ ಕಡೆಯಿಂದ ಬಂದು ಮೋಟರ್ ಹಾಕುವವರು ಯಾರಿಗೂ ಬೇಡ.

ಈಗ ಸಮಸ್ಯೆ. ಮೊದಲೆಲ್ಲ ಮನೆಗೊಂದು ಓಟು, ಅದು ಯಜಮಾನರದು. ಈ ವರ್ಷ ಯಾವುದೋ ಕಚೇರಿಯಿಂದ ಸಂಘಕ್ಕೆ ಕಾಗದ ಬಂತು: ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಅವರು ಮಾತ್ರ ಸದಸ್ಯರು. ಎಲ್ಲರೂ ಹಳೆಯ ಫೈಲು ಬಿಚ್ಚಿದರು. ನೂರ ಎಂಬತ್ತು ಸೈಟುಗಳಲ್ಲಿ ನೂರ ಹನ್ನೆರಡು ಹೆಂಡತಿಯರ ಹೆಸರಲ್ಲಿದ್ದವು. ಮೂವತ್ತು ವರ್ಷದ ಹಿಂದೆ ಯಾರೋ ‘ಹೆಂಡ್ತಿ ಹೆಸರಲ್ಲಿ ಮಾಡ್ಸಿ, ಒಳ್ಳೇದಾಗುತ್ತೆ’ ಎಂದಿದ್ದರಂತೆ. ಹಾಗೆಂದದ್ದು ಆಡಿಟರೋ ಜ್ಯೋತಿಷಿಯೋ ಎಂಬುದರಲ್ಲಿ ಇಂದಿಗೂ ಎರಡು ಗುಂಪುಗಳಿವೆ.

ಅಂತೂ ಒಂದು ಭಾನುವಾರ ಬೆಳಿಗ್ಗೆ ಬಡಾವಣೆಯ ಗಂಡಸರು ಕಾಫಿ ಕುಡಿಯುತ್ತ ಕೂತಿದ್ದಾಗ ಮನೆ ತಮ್ಮದಲ್ಲ ಎಂದು ಅವರಿಗೆ ಗೊತ್ತಾಯಿತು. ಕಾಫಿ ಕೊಟ್ಟವರದು.

೩

ಅಭ್ಯರ್ಥಿಗಳು ಇಬ್ಬರು.

ಗೋಪೀನಾಥ್ ಸಾರ್: ಮೂರು ಸಲ ಅಧ್ಯಕ್ಷರಾಗಿದ್ದವರು, ರಿಟೈರ್ಡ್ ಎಂಜಿನಿಯರ್. ನಿಂತ ಕಡೆಯೇ ಗ್ರಾಫ್ ಬರೆಯುತ್ತಾರೆ.

ಚನ್ನವೀರೇಶ್: ದಾವಣಗೆರೆ ಕಡೆಯವರು, ಮಾಗಡಿ ರೋಡಿನಲ್ಲಿ ಟೈಲ್ಸ್ ಅಂಗಡಿ. ನಕ್ಕರೆ ಹಾಲ್‌ನ ಕಿಟಕಿ ಅದುರುತ್ತದೆ.

ಗೋಪೀನಾಥ್ ಸಾರ್ ಪ್ರಣಾಳಿಕೆ: ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನಲ್ಲಿ ಮಹಿಳೆಯರಿಗಾಗಿ ಜಿಮ್.

ಚನ್ನವೀರೇಶ್ ಪ್ರಣಾಳಿಕೆ: ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನಲ್ಲಿ ಮಹಿಳೆಯರಿಗಾಗಿ ಭಜನಾ ಕೊಠಡಿ.

(ಆ ರೂಮಿನ ಸೂರು ಮೆಟ್ಟಿಲಿನ ಜೊತೆಗೇ ಇಳಿಯುತ್ತದೆ. ಜಿಮ್ ಆದರೆ ಒಂದು ಟ್ರೆಡ್‌ಮಿಲ್ ಹಿಡಿಸುತ್ತದೆ, ಅದರ ಮೇಲೆ ಒಬ್ಬರು ಬಗ್ಗಿಕೊಂಡು ಓಡಬಹುದು. ಭಜನೆಯಾದರೆ ನಾಲ್ಕು ಜನ, ಅದರಲ್ಲಿ ಒಬ್ಬರು ಮಲಗಿ ಹಾಡಬೇಕು.)

ನೋಡಿದಿರಲ್ಲ. ನೂರ ಹನ್ನೆರಡು ಹೆಂಗಸರ ಒಲವು ಎಡಕ್ಕೆ ಹೋದರೂ ಬಲಕ್ಕೆ ಹೋದರೂ ನಾನು ಮತ್ತು ಅಮ್ಮ ಹೊರಕ್ಕೆ ಹೋಗುತ್ತೇವೆ. ಈ ಕಥೆಗೆ ಸಸ್ಪೆನ್ಸ್ ಇಲ್ಲ ಎಂದು ನೀವು ಅನ್ನಬಹುದು. ನನಗೆ ಇದೆ.

೪

ಅಮ್ಮ ಇಲ್ಲಿಯವರೆಗೆ ಓದಿಸಿಕೊಂಡಳು. ಓದಿಸಿಕೊಂಡು, “ನಾವಿದೀವಿ ಅಂತ ಯಾಕೆ ಬರ್ದೆ?” ಎಂದಳು.

“ಇದೀವಲ್ಲಮ್ಮ.”

“ಇದೀವಿ ಅಂತ ಅವ್ರಿಗೆ ನೆನಪು ಮಾಡ್ಬೇಡ ಕಣೇ. ಮರ್ತಿರೋದಕ್ಕೇ ಹನ್ನೊಂದು ವರ್ಷ ಇದೀವಿ.”

“ಕಥೆ ಅಮ್ಮ ಇದು. ಯಾರು ನಂಬ್ತಾರೆ?”

“ಹಂಗಾದ್ರೆ ಕಥೇಲಿ ನಮ್ಗೆ ಒಂದು ಅಡುಗೆಮನೆ ಹಾಕು. ಕಿಟಕಿ ಇರ್ಲಿ. ಲತಾ ಅಂತ ನನ್ ಹೆಸ್ರು ಮಾತ್ರ ಹಾಕ್ಬೇಡ.”

ಅಡುಗೆಮನೆ ಹಾಕಿ ನೋಡಿದೆ. ಮೆಟ್ಟಿಲು ಅಡ್ಡ ಬರುತ್ತದೆ.

೫

ಒಲವು ಹೇಗೆ ಬದಲಾಯಿತು ಎಂಬುದರ ಸಂಕ್ಷಿಪ್ತ ಇತಿಹಾಸ.

ಮೊದಲ ವಾರ ಗೋಪೀನಾಥ್ ಸಾರ್ ಮುಂದಿದ್ದರು, ಬೇರೆ ಯಾರೂ ಇಲ್ಲದ್ದರಿಂದ. ಎರಡನೆಯ ವಾರ ಚನ್ನವೀರೇಶ್ ನಿಂತರು, ಮನೆಮನೆಗೆ ಬಂದು “ಏನ್ರೀ ಅಕ್ಕಾರ, ಆರಾಮಾ?” ಎಂದರು. ಮೂವತ್ತು ವರ್ಷದಲ್ಲಿ ಈ ರಸ್ತೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಎರಡು ಕ್ರಾಸು ಪೂರ್ತಿ ಅವರ ಕಡೆ ವಾಲಿತು. ಗೋಪೀನಾಥ್ ಸಾರ್ ಕೂಡಲೇ ಕರಪತ್ರ ಹಂಚಿದರು: ‘ಪೂಜ್ಯ ಮಾತೆಯರೇ’. ಎಂಟನೇ ಕ್ರಾಸಿನ ತನ್ಮಯಿಗೆ ಮೂವತ್ತಾರು ವರ್ಷ. “ನಾನು ಇವ್ರಿಗೆ ಯಾವಾಗ ಮಾತೆ ಆದೆ? ನಮ್ಮಪ್ಪನ ಜೊತೆ ಓದಿದವ್ರು ಇವ್ರು!” ಎಂದು ಗೇಟಿನಲ್ಲೇ ಕರಪತ್ರ ಮಡಚಿ, ಅದರಲ್ಲಿ ಹಲ್ಲಿಯನ್ನು ಓಡಿಸಿದಳು. ಇನ್ನಷ್ಟು ಮನೆಗಳು ಹೋದವು.

ಮೂರನೆಯ ವಾರ ಚನ್ನವೀರೇಶ್ ಗೆದ್ದೇಬಿಟ್ಟೆ ಎಂಬ ಖುಷಿಯಲ್ಲಿ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದರು. ಅದರ ಮೊದಲ ನಾಲ್ಕು ಶಬ್ದ: “ನಮ್ಮ ಎಲ್ಲಾ ಆಂಟಿಯರಿಗೂ ನಮಸ್ಕಾರ್ರೀ.”

ನಲವತ್ತು ಓಟು ಅಲ್ಲಿಗೆ ಮುಗಿಯಿತು. ಚನ್ನವೀರೇಶರ ಹೆಂಡತಿ ಜಯದೇವಿಯೇ ಗ್ರೂಪ್ ಬಿಟ್ಟು ಹೊರಗೆ ಹೋದರು.

ಗೋಪೀನಾಥ್ ಸಾರ್ ಪಾಠ ಕಲಿತು, ಮೈಕಿನಲ್ಲಿ “ಸಹೋದರಿಯರೇ” ಎಂದರು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಜಲಜಾ ಆಂಟಿ ಪಕ್ಕದವರಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದರು: “ಎಲ್ರೂ ಸೋದರೀರು ಅಂದ್ಮೇಲೆ ನಾನು ಯಾರಂತೆ?”

(ನಾನು ಅವರನ್ನು ಆಂಟಿ ಅನ್ನಬಹುದು. ನಾನು ಓಟು ಕೇಳುವವಳಲ್ಲ.)

೬

ಆಗ ಗೋಪೀನಾಥ್ ಸಾರ್ ಸರ್ವೆ ಮಾಡಿಸಲು ನಿರ್ಧರಿಸಿದರು. ನನ್ನನ್ನು ಕರೆದರು.

“ನಿನ್ನೇ ಯಾಕೆ ಕರ್ದೆ ಗೊತ್ತಾ? ನೀನು ಬಾಯೇ ಬಿಡಲ್ಲ. ಸರ್ವೆ ಮಾಡೋರು ನ್ಯೂಟ್ರಲ್ ಆಗಿರ್ಬೇಕು.”

ಎಂಟು ಪ್ರಶ್ನೆಗಳ ಹಾಳೆ ಕೊಟ್ಟರು. ಓದಿ ಹೇಳುವುದು, ಉತ್ತರ ಬರೆದುಕೊಳ್ಳುವುದು, ಅಷ್ಟೇ. ‘ಗೋಪೀನಾಥ್ ಅವರ ಆಡಳಿತ ತೃಪ್ತಿ ತಂದಿದೆಯೇ?’ ‘ಮಹಿಳಾ ಜಿಮ್ ಬೇಕೇ?’ ಹೀಗೆ. ನಾನು ನೂರ ಹನ್ನೆರಡು ಮನೆಗೆ ಹೋದೆ. ನೂರ ಹನ್ನೆರಡು ಹೆಂಗಸರೂ ಎಂಟು ಪ್ರಶ್ನೆಗೂ ಒಂದೇ ಉತ್ತರ ಕೊಟ್ಟರು.

ಹೂಂ.

ಗೋಪೀನಾಥ್ ಸಾರ್ ಅದನ್ನು ಕಂಪ್ಯೂಟರಿನಲ್ಲಿ ‘ಯೆಸ್’ ಎಂದು ತುಂಬಿದರು. ನೂರಕ್ಕೆ ನೂರು. ಗ್ರಾಫ್ ಹಾಳೆಯ ಮೇಲಂಚಿಗೆ ತಾಗಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮಾರನೆಯ ದಿನ ಚನ್ನವೀರೇಶ್ ಕರೆದರು. “ಏ ತಂಗಿ, ನಂದೂ ಒಂದು ಸರ್ವೆ ಮಾಡಿ ಕೊಡವಾ.” ಅದೇ ನೋಟ್‌ಬುಕ್, ಹಿಂದಿನ ಪುಟಗಳು. ‘ಬದಲಾವಣೆ ಬೇಕೇ?’ ‘ಭಜನಾ ಕೊಠಡಿ ಬೇಕೇ?’ ನೂರ ಹನ್ನೆರಡು ಹೂಂ.

ಇಬ್ಬರಿಗೂ ವಿಷಯ ತಿಳಿಯಿತು. ಇಬ್ಬರೂ ನನ್ನನ್ನು ಆಫೀಸಿನಲ್ಲಿ ನಿಲ್ಲಿಸಿಕೊಂಡರು.

“ನೂರ ಹನ್ನೆರಡು ಜನ ತಲಾ ಎರಡು ಓಟು ಹಾಕ್ತಾರೇನಮ್ಮ?” ಎಂದರು ಗೋಪೀನಾಥ್ ಸಾರ್.

“ಕೂಸು ಬರ್ಕೊಂಡಿದ್ದು ಸರೀನೇ ಐತ್ರೀ,” ಎಂದರು ಚನ್ನವೀರೇಶ್. “ನಿಮ್ಗೆ ಅಂದಿದ್ದು ಮರ್ಯಾದಿಗೆ. ನನಗ ಅಂದಿದ್ದು ಮನಸ್ಸಿನಾಗಿಂದ.”

“ಹೇಗ್ರೀ ಗೊತ್ತು?”

“ಅಕಿನ್ನ ಕೇಳ್ರೀ. ಅಕಿ ಅಲ್ಲಾ ಕೇಳಿಸ್ಕೊಂಡಾಕಿ?”

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಜೀವನದಲ್ಲಿ ಇಬ್ಬರು ದೊಡ್ಡವರು ಒಟ್ಟಿಗೆ ನನ್ನ ಉತ್ತರಕ್ಕೆ ಕಾದದ್ದು ಅದೇ ಮೊದಲು. ಆಗ ಹೇಳಬೇಕಾದದ್ದು ಒಂದೇ ಇತ್ತು. ‘ಆ ರೂಮಲ್ಲಿ ನಾವಿದೀವಿ ಸಾರ್.’ ಬಾಯಿ ತೆರೆದೆ.

“ಹೂಂ,” ಎಂದೆ.

೭

ಹೂಂಗಳನ್ನು ಬೇರೆಬೇರೆ ಮಾಡಿ ತರಲು ನನ್ನನ್ನು ಮತ್ತೆ ಕಳಿಸಿದರು. ನಾನು ಕೇಳಿಸಿಕೊಳ್ಳುವುದರಲ್ಲಿ ಕೆಟ್ಟವಳಲ್ಲ. ಬರೆದುಕೊಂಡದ್ದರಲ್ಲಿ ಕೆಲವು:

ಒಲೆಯ ಮೇಲೆ ಹಾಲಿದ್ದಾಗಿನ ಹೂಂ. ಚಿಕ್ಕದು, ತುದಿ ಕತ್ತರಿಸಿದ್ದು.

ಸೀರಿಯಲ್ ನೋಡುತ್ತ ಅಂದದ್ದು. ಅದು ಟಿವಿಗೆ ಸೇರಿದ್ದು.

ಒಳಗೆ ಗಂಡ ಪೇಪರ್ ಕೆಳಗಿಳಿಸಿದ ಸದ್ದು ಕೇಳಿ ಅಂದದ್ದು. ಅದು ಗಂಡನಿಗೆ.

ಕೊನೆಯಲ್ಲಿ ಮೇಲೇರುವ ಹೂಂ. ಅದಕ್ಕೆ ಅರ್ಥ ‘ಏನಂದೆ? ಕೇಳಿಸಲಿಲ್ಲ’ ಎಂದು. ಹದಿನಾಲ್ಕು.

‘ಸರಿ, ಮುಂದೆ ಹೇಳು’ ಎನ್ನುವ ಹೂಂ. ಕಥೆ ಕೇಳುವವರು ಅನ್ನುವಂಥದ್ದು. ಇದೇ ಹೆಚ್ಚು. ಇದನ್ನು ಅಂದವರು ಯಾವುದಕ್ಕೂ ಒಪ್ಪಿರುವುದಿಲ್ಲ, ಎದ್ದು ಹೋಗಿಲ್ಲ ಅಷ್ಟೇ.

(ನೀವು ಇಷ್ಟು ಹೊತ್ತು ಅನ್ನುತ್ತಿರುವುದೂ ಇದೇ ಎಂದು ನನಗೆ ಗೊತ್ತು.)

ನಿಜವಾದ ‘ಹೌದು’ ಎನ್ನುವ ಹೂಂ ಮೂರು ಸಿಕ್ಕಿದವು. ಮೂರೂ ‘ಕಸದ ಗಾಡಿ ಬಂತಾ?’ ಎಂದು ನಾನು ದಾರಿಯಲ್ಲಿ ಕೇಳಿದ್ದಕ್ಕೆ.

೮

ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಎಂಟು ಪ್ರಶ್ನೆಗಳ ಕೆಳಗೆ ನಾನೇ ಒಂಬತ್ತನೆಯದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದೆ. ‘ಮೆಟ್ಟಿಲ ಕೆಳಗಿನ ರೂಮಿನಲ್ಲಿರುವವರು ಅಲ್ಲೇ ಇರಲಿ ಎನ್ನುತ್ತೀರಾ?’ ನೂರ ಹನ್ನೊಂದು ಮನೆಯಲ್ಲಿ ಎಂಟಕ್ಕೇ ನಿಲ್ಲಿಸಿ ಎದ್ದು ಬಂದೆ. ಒಂದು ಮನೆಯಲ್ಲಿ ಮಾತ್ರ ಕೇಳಿದೆ. ಜಲಜಾ ಆಂಟಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಕೇಳಿದೆ. ಅವರ ಕೈ ಒಂದು ಕ್ಷಣ ನಿಂತಿತು, ಅಥವಾ ಕಡ್ಡಿ ಗಟ್ಟಿಯಿತ್ತು.

“ಹೂಂ,” ಎಂದರು.

ಏರಲಿಲ್ಲ, ಇಳಿಯಲಿಲ್ಲ. ಒಲೆಯ ಮೇಲೆ ಏನೂ ಇರಲಿಲ್ಲ. ಟಿವಿ ಆಫ್ ಆಗಿತ್ತು. ಸಾರ್ ಮನೆಯಲ್ಲಿರಲಿಲ್ಲ. ನೂರ ಹನ್ನೊಂದನ್ನು ವಿಂಗಡಿಸಿದವಳಿಗೆ ಆ ಒಂದು ಯಾವುದು ಎಂದು ತಿಳಿಯಲಿಲ್ಲ.

೮ಕ್ಕೆ ಜಲಜಾ ಆಂಟಿಯ ಆಕ್ಷೇಪಣೆ

“ಏನೇ ಇದು? ನಾನು ಸೊಪ್ಪು ಬಿಡಿಸ್ತಾ ಅಂದಿದ್ದಕ್ಕೆಲ್ಲ ನೀನು ಅರ್ಥ ಕಟ್ತಾ ಕೂತ್ಕೊಂಡ್ರೆ ಹೆಂಗೆ?”

“ನಾನು ಕಥೆ ಬರೀತಿದೀನಿ ಆಂಟಿ. ಅರ್ಥ ಕಟ್ಟಲೇಬೇಕು.”

“ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟೋಳು, ಕಥೆ ಅಂತೆ. ಮೊದ್ಲು ಆ ಮೆಂತ್ಯ ತೆಗಿ, ದಂಟು ಅಂತ ಹಾಕು. ಮೆಂತ್ಯಕ್ಕೆ ಕಡ್ಡಿ ಎಲ್ಲಿ ಗಟ್ಟಿ ಇರುತ್ತೆ?”

“ಆಂಟಿ, ಅವತ್ತು ಅಂದ್ರಲ್ಲ, ಅದು ಯಾವ ಹೂಂ?”

“ಮನೆ ಎದುರುಗಡೆನೇ ಇದೆ. ಬಂದು ಕೇಳು.”

“ಬಂದ್ರೆ ಮಾತು ಬರಲ್ಲ. ಇಲ್ಲೇ ಹೇಳಿಬಿಡಿ, ಯಾರಿಗೂ ಗೊತ್ತಾಗಲ್ಲ.”

“ಇಲ್ಲಿ ಹೇಳಿದ್ರೆ ಅದು ನಾನು ಹೇಳಿದ್ದು ಹೆಂಗಾಗುತ್ತೆ? ನೀನು ಬರ್ದಿದ್ದಾಗುತ್ತೆ.”

ಮೆಂತ್ಯವನ್ನು ದಂಟು ಮಾಡಲಿಲ್ಲ, ಅಷ್ಟು ಮಾತ್ರ ನನ್ನ ಕೈಯಲ್ಲಿತ್ತು.

೯

ಎಲೆಕ್ಷನ್ ದಿನ, ಭಾನುವಾರ, ಬೆಳಿಗ್ಗೆ ಹನ್ನೊಂದು. ನನ್ನ ಕೆಲಸ ಮೈಕ್ ಒಯ್ಯುವುದು. ಯಾರು ಕೈ ಎತ್ತುತ್ತಾರೋ ಅವರ ಬಾಯಿಯ ಹತ್ತಿರ ಹಿಡಿಯಬೇಕು.

ಚುನಾವಣಾಧಿಕಾರಿ ನಂಜುಂಡಪ್ಪನವರು, ಎಂಬತ್ತು ದಾಟಿದ ವಕೀಲರು, ಕಿವಿ ಸ್ವಲ್ಪ ಮಂದ. ಅವರು ಸದಸ್ಯರ ಪಟ್ಟಿಯನ್ನು ನಿಧಾನವಾಗಿ ಪೂರ್ತಿ ಓದಿದರು. ಓದಿ ಮುಗಿಸಿ, “ಪಟ್ಟಿಯಲ್ಲಿ ಹೆಸರಿಲ್ಲದವರು ದಯವಿಟ್ಟು ಹಿಂದಿನ ಸಾಲಿಗೆ ಹೋಗಿ,” ಎಂದರು. ಗಂಡಂದಿರು ಎದ್ದರು. ಗೋಪೀನಾಥ್ ಸಾರ್ ಏಳಲಿಲ್ಲ.

“ತಾವೂ ಸಾರ್.”

“ನಾನು ಕ್ಯಾಂಡಿಡೇಟು.”

“ಮನೆ ಯಾರ ಹೆಸರಲ್ಲಿದೆ?”

ಗೋಪೀನಾಥ್ ಸಾರ್ ಜಲಜಾ ಆಂಟಿಯ ಕಡೆ ನೋಡಿದರು. ಅವರು ಸೀರೆಯ ಸೆರಗಿನ ದಾರ ಕೀಳುತ್ತಿದ್ದರು.

“ಹಂಗಾದ್ರ ನಾನ ಗೆದ್ದಂಗಾತಲ್ರೀ!” ಎಂದು ಚನ್ನವೀರೇಶ್ ನಕ್ಕರು. ಕಿಟಕಿ ಅದುರಿತು. ನಂಜುಂಡಪ್ಪನವರು ಪಟ್ಟಿಯ ಮೇಲೆ ಬೆರಳಿಟ್ಟು, “ನಿಮ್ಮದು ಜಯದೇವಿಯವರ ಹೆಸರಲ್ಲಿದೆ,” ಎಂದರು. ಇಬ್ಬರೂ ಅಭ್ಯರ್ಥಿಗಳು ಹಿಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂತರು. ಬಡಾವಣೆಯಲ್ಲಿ ಓಟುಗಳೆಲ್ಲ ಇದ್ದವು. ಹಾಕಿಸಿಕೊಳ್ಳುವವರು ಇರಲಿಲ್ಲ.

“ಸದಸ್ಯರಲ್ಲೇ ಯಾರಾದರೂ ನಿಲ್ಲಬೇಕು,” ಎಂದು ನಂಜುಂಡಪ್ಪನವರು ಮುಂದಿನ ಸಾಲನ್ನು ನೋಡಿದರು. “ಜಲಜಾ ಅವರೇ, ನೀವು ನಿಲ್ತೀರಾ?”

ಜಲಜಾ ಆಂಟಿ ತನ್ಮಯಿಯ ಹತ್ತಿರ ಇಡ್ಲಿ ಹಿಟ್ಟಿನ ವಿಷಯ ಮಾತಾಡುತ್ತಿದ್ದವರು ತಿರುಗಿ, “ಹೂಂ?” ಎಂದರು.

ಮೇಲೇರುವ ಹೂಂ. ಹದಿನೈದನೆಯದು. ನಾನು ಮೈಕ್ ಹಿಡಿದು ಓಡಿ ತಲುಪುವುದರೊಳಗೆ ನಂಜುಂಡಪ್ಪನವರು ‘ಒಪ್ಪಿಗೆ’ ಎಂದು ಬರೆದುಕೊಂಡಾಗಿತ್ತು.

“ಬೇರೆ ಯಾರೂ ಇಲ್ಲ. ಅವಿರೋಧ ಆಯ್ಕೆ.”

ಚಪ್ಪಾಳೆ. ನೂರ ಹನ್ನೊಂದು ಹೆಂಗಸರು ಇಷ್ಟು ಗಟ್ಟಿಯಾಗಿ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿರಲಿಲ್ಲ. ಒಲವು ಕೊನೆಗೂ ಒಂದು ಕಡೆ ನಿಂತಿತು, ತಮ್ಮನ್ನು ಯಾರೂ ಕೇಳಲಿಲ್ಲವಲ್ಲ ಎಂಬ ಸಮಾಧಾನದಲ್ಲಿ.

“ಏನಾಯ್ತೇ?” ಎಂದರು ಜಲಜಾ ಆಂಟಿ.

“ನೀವೇ ಪ್ರೆಸಿಡೆಂಟು.”

“ಅಯ್ಯೋ! ಏನಂದ್ರಿ ಅಂತ ಕೇಳಿದ್ದು ಕಣೇ ನಾನು! ಕುಕ್ಕರ್ ಇಟ್ಟು ಬಂದಿದೀನಿ!”

೧೦

ಹಿಂದಿನ ಸಾಲಿನಿಂದ ಒಂದು ಚೀಟಿ ಕೈಯಿಂದ ಕೈಗೆ ಮುಂದೆ ಬಂತು. ಗೋಪೀನಾಥ್ ಸಾರ್ ಕೈಬರಹ, ಅಡಿಗೆರೆ ಸಮೇತ. ಜಲಜಾ ಆಂಟಿ ಕನ್ನಡಕವಿಲ್ಲದೆ ದೂರ ಹಿಡಿದು ಓದಿದರು: “ಮೊದಲ ಠರಾವು. ಮೆಟ್ಟಿಲ ಕೆಳಗಿನ ಸ್ಟೋರ್ ರೂಮನ್ನು ಮಹಿಳಾ ಜಿಮ್ ಆಗಿ...”

ಅಲ್ಲಿ ನಿಂತರು. ಚೀಟಿಯಿಂದ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

“...ಆಗಿ ಪರಿವರ್ತಿಸುವುದು,” ಎಂದು ಮುಗಿಸಿದರು.

“ಟೈಲ್ಸ್ ನಾವು ಹಾಕಿಸಿ ಕೊಡ್ತೀವ್ರೀ!” ಎಂದರು ಚನ್ನವೀರೇಶ್ ಹಿಂದಿನಿಂದ.

ಇಲ್ಲಿ ನನಗೆ ಮೂರು ದಾರಿಗಳಿದ್ದವು. ಮೂರನ್ನೂ ಬರೆದೆ.

ಅ) ಜಲಜಾ ಆಂಟಿ ಚೀಟಿಯನ್ನು ಹರಿಯುತ್ತಾರೆ. (ಅವರು ಕಾಗದ ಹರಿಯುವವರಲ್ಲ. ಹಾಲಿನ ಕವರನ್ನೂ ತೊಳೆದು ಇಡುವವರು.)

ಆ) ಹೆಂಗಸರೆಲ್ಲ ಎದ್ದು, ‘ಅವರು ಅಲ್ಲೇ ಇರಲಿ’ ಎನ್ನುತ್ತಾರೆ. ಇದನ್ನು ಎರಡು ಪುಟ ಬರೆದೆ. ಚೆನ್ನಾಗಿ ಬಂತು. ಬರೆಯುವಾಗ ಅಳುವೂ ಬಂತು. ಅಮ್ಮ ಕೇಳಿಸಿಕೊಂಡು, “ಇವ್ರೆಲ್ಲ ಯಾರೇ? ನಮ್ ಲೇಔಟ್‌ನೋರಾ?” ಎಂದಳು. ಹರಿದು ಹಾಕಿದೆ.

ಇ) ಜಿಮ್ ಆಗುತ್ತದೆ. ಜಲಜಾ ಆಂಟಿ ದಿನವೂ ಬಗ್ಗಿಕೊಂಡು ಓಡುತ್ತಾರೆ. (ಬಹುಶಃ ಆಗಬಹುದಾದದ್ದು ಇದೇ. ಆದರೆ ಇದನ್ನು ಬರೆದು ಮುಗಿಸಿದರೆ ನಾನೇ ಸಹಿ ಹಾಕಿದಂತೆ.)

ಮೂರರಲ್ಲಿ ಯಾವುದನ್ನೂ ಇಡುತ್ತಿಲ್ಲ. ನಡೆದದ್ದರಲ್ಲಿ ನನಗೆ ಗೊತ್ತಿರುವಷ್ಟನ್ನು ಹೇಳಿ ನಿಲ್ಲಿಸುತ್ತೇನೆ.

೧೧

“ಠರಾವಿನ ಮೇಲೆ ಯಾರಿಗಾದರೂ ಏನಾದರೂ ಹೇಳೋದಿದ್ದರೆ ಕೈ ಎತ್ತಿ, ಮೈಕ್ ಬರುತ್ತೆ,” ಎಂದರು ನಂಜುಂಡಪ್ಪನವರು.

ಯಾರೂ ಎತ್ತಲಿಲ್ಲ. ಮೈಕ್ ನನ್ನ ಕೈಯಲ್ಲಿತ್ತು. ಆನ್ ಆಗಿತ್ತು, ನಾನು ಉಸಿರಾಡಿದ್ದು ಹಾಲ್‌ನ ನಾಲ್ಕೂ ಸ್ಪೀಕರಿನಲ್ಲಿ ಕೇಳಿತು. ನಾನು ಜಲಜಾ ಆಂಟಿಯಿಂದ ಒಂದು ಮೊಳ ದೂರದಲ್ಲಿದ್ದೆ. ಮೈಕನ್ನು ಅವರ ಬಾಯಿಗೆ ಹಿಡಿಯಬೇಕಿತ್ತು. ನನ್ನ ಬಾಯಿಗೆ ಹಿಡಿದುಕೊಂಡೆ.

ಹೇಳಿದೆ.

ಫ್ಯಾನು ತಿರುಗುತ್ತಿತ್ತು. ನೂರ ಎಂಬತ್ತು ಸದಸ್ಯರು, ಸದಸ್ಯರಲ್ಲದ ಗಂಡಂದಿರು. ಹಿಂದೆ ಯಾರದೋ ಫೋನು ಕುಂಯ್ ಎಂದು ನಿಂತಿತು. ಅಮ್ಮ ಬಾಗಿಲಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಜಲಜಾ ಆಂಟಿ ಚೀಟಿಯನ್ನು ಮಡಚಿದರು, ಮತ್ತೆ ಬಿಚ್ಚಿದರು. ಇಲ್ಲಿ ಅವರ ಬಾಯಿಗೆ ಒಂದು ಮಾತು ಹಾಕುವುದು ನನಗೆ ಎಷ್ಟು ಸುಲಭ ಎಂದು ನಿಮಗೆ ಗೊತ್ತು. ಹಾಕುವುದಿಲ್ಲ.

ಕೇಳಿಸದೆ ಇರಬಹುದು ಎಂದು ಇನ್ನೊಂದು ಸಲ ಹೇಳಿದೆ.

“ಆಂಟಿ, ಆ ರೂಮಲ್ಲಿ ನಮ್ಮಮ್ಮ, ನಾನು ಇದೀವಿ. ನಮ್ಮನ್ನ ಅಲ್ಲೇ ಇರೋಕೆ ಬಿಡಿ.”